‘ಇವನ ಚಟಾ ಬಿಡಸ್ರಿ’: ಡರ್ಟ್ ಬೈಕ್ ಓಡಿಸುವ ಮಗನೊಬ್ಬನ ಪ್ರಕರಣ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಕುಟುಂಬವೊಂದರ ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಉದ್ಯೋಗ, ಊರುಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ವಾಸಿಸುವ ಈ ಕುಟುಂಬ ಮೂಲತಃ ವಿಜಯಪುರ ಜಿಲ್ಲೆಯದು. ತಂದೆ ನೌಕರಿಗಾಗಿ ಇಲ್ಲಿಗೆ ಬಂದವರು ನಿವೃತ್ತರಾದ ಮೇಲೂ ಇಲ್ಲಿಯೇ ಉಳಿದರು. ಮಗನಿಗೆ 31 ವರ್ಷ. ಚಾಕಣದ ಕಡೆಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಅವನನ್ನು ರಾಘು ಎಂದು ಕರೆಯುತ್ತೇನೆ. ಮೊದಲ ದಿನ ಮೂವರೂ ಜೊತೆಯಾಗಿ ಬಂದರಾದರೂ ಜೊತೆಯಾಗಿ ಕೂರಲಿಲ್ಲ. ತಂದೆ ತಾಯಿ ನನ್ನ ಮೇಜಿನ ಎದುರು ಕುಳಿತರು, ಮಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ. ತಂದೆಯ ಮೊದಲ ಮಾತೇ, “ಇವನ ಚಟಾ ಬಿಡಸ್ರಿ ಮೇಡಂ” ಎಂಬುದಾಗಿತ್ತು. ಯಾವ ಚಟ ಎಂದು ಕೇಳಿದೆ. “ಕುಡೀತಿದ್ರ ಕುಡುಕ ಅಂತಿದ್ವಿ. ಇದಕ್ಕ ಏನಂತ ಹೆಸರ ಇಡೂದು?” ಎಂದು ಅವರು ಮಗನ ಕಡೆ ನೋಡದೆಯೇ ಹೇಳಿದರು.

ಭಾನುವಾರಗಳಂದು ಊರ ಹೊರಗಿನ ಮಣ್ಣಿನ ಟ್ರ್ಯಾಕಿನಲ್ಲಿ ಡರ್ಟ್ ಬೈಕ್ ಓಡಿಸುವುದೇ ಆ ಚಟ. ಈ ಕಾರಣಕ್ಕೆ, ಮಾತುಕತೆ ಮುಗಿದು ನಿಶ್ಚಿತಾರ್ಥದ ದಿನ ಗೊತ್ತಾಗಬೇಕಿದ್ದ ಸಂಬಂಧವೊಂದು ನಿಂತುಹೋಗಿತ್ತು. ಬೈಕು ಗಾಳಿಯಲ್ಲಿರುವ ಒಂದು ಫೋಟೋವನ್ನು ರಾಘು ತನ್ನ ಸ್ಟೇಟಸ್‌ನಲ್ಲಿ ಹಾಕಿದ್ದ. ಹುಡುಗಿಯ ಸೋದರಮಾವ ಅದನ್ನು ನೋಡಿ, “ಹುಡುಗ ಉಡಾಳ ಅದಾನ” ಎಂದು ಹೇಳಿ ಕಳಿಸಿದ್ದರು. ಆ ಒಂದು ಪದ ಈ ಮನೆಯಲ್ಲಿ 3 ತಿಂಗಳಿಂದ ಸುತ್ತುತ್ತಿತ್ತು.

ಮನೆಯವರು ಚಟ ಎಂದು ಕರೆದ ಮಾತ್ರಕ್ಕೆ ಅದು ಚಟವಾಗುವುದಿಲ್ಲ; ಮಗ ಹವ್ಯಾಸ ಎಂದು ಕರೆದ ಮಾತ್ರಕ್ಕೆ ಹವ್ಯಾಸವೂ ಆಗುವುದಿಲ್ಲ. ಆದ್ದರಿಂದ ರಾಘುವಿನೊಂದಿಗೆ ಒಬ್ಬನೇ ಇದ್ದಾಗ ವಿವರವಾಗಿ ಮಾತನಾಡಿದೆ. ಸಿಟ್ಟು ಬಂದಾಗ, ಬೇಸರವಾದಾಗ ಬೈಕಿನ ಕಡೆ ಓಡುತ್ತಾನೆಯೇ, ಅದಕ್ಕಾಗಿ ಸಾಲ ಮಾಡಿದ್ದಾನೆಯೇ, ತರಬೇತುದಾರ ‘ಇವತ್ತು ಸಾಕು’ ಎಂದಾಗ ನಿಲ್ಲಿಸುತ್ತಾನೆಯೇ, ಊರೊಳಗಿನ ರಸ್ತೆಯಲ್ಲಿ ಹೇಗೆ ಓಡಿಸುತ್ತಾನೆ, ಎರಡು ವಾರ ಹೋಗಲಾಗದಿದ್ದರೆ ಏನಾಗುತ್ತದೆ ಎಂದೆಲ್ಲ ಕೇಳಿದೆ. ಅವನ ಉತ್ತರಗಳಲ್ಲಿ ಚಟದ ಲಕ್ಷಣ ನನಗೆ ಕಾಣಲಿಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ ಮುಚ್ಚಿದ್ದಾಗ ಎರಡು ತಿಂಗಳು ಸುಮ್ಮನಿದ್ದವನು ಅವನು. ಕಾರ್ಖಾನೆಗೆ ಹೋಗುವುದು ಕಂಪನಿಯ ಬಸ್ಸಿನಲ್ಲಿ. 2024ರ ಜನವರಿಯಲ್ಲಿ ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ, ಕ್ರೀಡಾಂಗಣದೊಳಗೇ ಮಣ್ಣಿನ ದಿಬ್ಬ ಹಾಕಿ ಬೈಕ್ ಓಡಿಸುವ ಸ್ಪರ್ಧೆಯಾದ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗಿನ ಮೊದಲ ಸುತ್ತು ನಡೆದಾಗ ಗೆಳೆಯರೊಂದಿಗೆ ನೋಡಲು ಹೋಗಿದ್ದ. ಆ ವರ್ಷವೇ ತರಬೇತಿಗೆ ಸೇರಿ, ಉಳಿತಾಯದ ಹಣದಲ್ಲಿ ಹಳೆಯ 250 ಸಿಸಿ ಮೋಟೊಕ್ರಾಸ್ ಬೈಕೊಂದನ್ನು, ಅಂದರೆ ಮಣ್ಣಿನ ಟ್ರ್ಯಾಕಿಗೆಂದೇ ಮಾಡಿದ ಡರ್ಟ್ ಬೈಕನ್ನು, ಕೊಂಡ.

ಇಲ್ಲಿ ಒಂದು ವಿವರಣೆ ಅಗತ್ಯ, ಏಕೆಂದರೆ ಅವನನ್ನು ಉಡಾಳ ಎಂದವರಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಮೋಟೊಕ್ರಾಸ್ ಬೈಕಿಗೆ ಹೆಡ್‌ಲೈಟ್ ಇಲ್ಲ, ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟೂ ಇಲ್ಲ. ನೋಂದಣಿಯಾಗದ ಆ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಮನೆಯಿಂದ ಟ್ರ್ಯಾಕಿಗೆ ಅದು ಹೋಗುವುದು ಟೆಂಪೋದಲ್ಲಿ, ಹಗ್ಗ ಬಿಗಿಸಿಕೊಂಡು. ರಸ್ತೆಯ ಮೇಲೆ ಮುಂದಿನ ಚಕ್ರ ಎತ್ತಿ ವೀಲಿಂಗ್ ಮಾಡುತ್ತ ಮುದುಕರನ್ನೂ ಮಕ್ಕಳನ್ನೂ ಬೆದರಿಸುವವರಿಗೂ, ಮಣ್ಣಿನ ದಿಬ್ಬಗಳ ನಡುವೆ ಕಾಲಿಡುವ ಪೆಗ್ಗುಗಳ ಮೇಲೆ ಎದ್ದುನಿಂತು, ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ ಹಿಡಿದು ತೂಕ ಹಂಚುವುದನ್ನು ವರ್ಷಗಟ್ಟಲೆ ಕಲಿಯುವವರಿಗೂ ನೋಡುವವರು ಇಟ್ಟಿರುವ ಹೆಸರು ಒಂದೇ. ಇದು ಅನ್ಯಾಯವೆಂದು ನಾನು ತಂದೆಯವರ ಮುಂದೆಯೇ ಹೇಳಿದೆ.

ಆದರೆ ಆ ಹೆಸರು ಆಕಾಶದಿಂದ ಉದುರಿದ್ದಲ್ಲ. 2024ರ ಮೇ ತಿಂಗಳಲ್ಲಿ ಕಲ್ಯಾಣಿನಗರದಲ್ಲಿ ಅಪ್ರಾಪ್ತನೊಬ್ಬ ಓಡಿಸುತ್ತಿದ್ದನೆನ್ನಲಾದ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತ ಮೇಲೆ, ಎಂಜಿನ್ನಿನ ಆರ್ಭಟ ಕೇಳಿದರೆ ಈ ಊರಿನ ಮನೆಗಳಲ್ಲಿ ಕಿಟಕಿಗಳು ತೆರೆದುಕೊಳ್ಳುತ್ತವೆ. ರಾಘು ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಬೈಕ್ ನಿಲ್ಲಿಸಿ, ಶನಿವಾರ ರಾತ್ರಿ ಎರಡು ನಿಮಿಷ ಚಾಲೂ ಮಾಡಿ ನೋಡುತ್ತಿದ್ದ. ನೆಲಮಾಳಿಗೆಯಲ್ಲಿ ಆ ಸದ್ದು ಎಷ್ಟಾಗುತ್ತದೆ ಎಂಬುದನ್ನು ಮೇಲಿನ ಮಹಡಿಯಲ್ಲಿ ಮಗುವನ್ನು ಮಲಗಿಸುತ್ತಿದ್ದ ತಾಯಿಯನ್ನು ಕೇಳಬೇಕು. ಇನ್ನೊಮ್ಮೆ ಗೆಳೆಯನ ನೋಂದಾಯಿತ ಬೈಕಿನಲ್ಲಿ ಟೇಕಡಿ, ಅಂದರೆ ಊರೊಳಗಿನ ಗುಡ್ಡ, ಹತ್ತಿದ್ದ. ಪುಣೆಯವರಿಗೆ ಟೇಕಡಿ ಎಂದರೆ ಏನೆಂಬುದು ಇಲ್ಲಿ ವಾಸಿಸುವ ನಮಗೆ ಗೊತ್ತು: ಬೆಳಗಿನ ನಡಿಗೆ, ನವಿಲಿನ ಕೂಗು, ನಗರದ ಒಳಗೇ ಉಳಿದಿರುವ ಒಂದಿಷ್ಟು ಕಾಡು. ರಬ್ಬರಿನ ದಪ್ಪ ಉಬ್ಬುಗಳಿರುವ ಟೈರು ಅಲ್ಲಿನ ತೆಳು ಮಣ್ಣನ್ನು ಸೀಳಿದರೆ ಮಳೆಗಾಲದಲ್ಲಿ ಆ ಗೆರೆಯೇ ಕೊರಕಲಾಗುತ್ತದೆ. ನಡೆಯುತ್ತಿದ್ದ ಹಿರಿಯರು ಅವನನ್ನು ತಡೆದು ಬೈದದ್ದು ಸರಿಯಾಗಿಯೇ ಇತ್ತು, ಇದನ್ನೂ ಅವನಿಗೆ ಹೇಳಿದೆ. ಅವನು ಕೆಲಹೊತ್ತು ಸುಮ್ಮನಿದ್ದು, “ಅದು ತಪ್ಪಾಯಿತು. ಆದರೆ ಅವರು ಬೈದ ಮೇಲೆ, ಎಲ್ಲರೂ ನಮ್ಮನ್ನು ಹೀಗೇ ನೋಡುತ್ತಾರೆ ಅಂತ ಅನ್ನಿಸಿ ನಾನು ಯಾರಿಗೂ ಏನೂ ಹೇಳುವುದನ್ನೇ ಬಿಟ್ಟೆ” ಎಂದ.

ಪ್ರಕರಣದ ಗಂಟು ನನಗೆ ಸಿಕ್ಕಿದ್ದು ಈ ಮಾತಿನಲ್ಲಿ. ಒಂದು ಭಾನುವಾರ ದಿಬ್ಬದ ಮೇಲಿಂದ ಇಳಿಯುವಾಗ ಮುಂದಿನ ಚಕ್ರ ಹೂತು ಬಿದ್ದು ಅವನ ಕತ್ತಿನ ಬುಡದ ಎಲುಬು, ಅಂದರೆ ಕಾಲರ್ ಬೋನ್, ಮುರಿದಿತ್ತು. ಬೈಕ್ ಸವಾರರಲ್ಲಿ ಸಾಮಾನ್ಯವಾಗಿ ಆಗುವ ಪೆಟ್ಟು ಅದು. ಮನೆಯಲ್ಲಿ ಕಾರ್ಖಾನೆಯ ಮೆಟ್ಟಿಲಿನಿಂದ ಜಾರಿದೆ ಎಂದು ಹೇಳಿದ. 6 ವಾರ ಜೋಳಿಗೆಯಲ್ಲಿ ಕೈ ಇಟ್ಟುಕೊಂಡಿದ್ದ ಮಗನಿಗೆ ತಾಯಿ ಅನ್ನ ಕಲಸಿಕೊಟ್ಟರು. ವಿಮೆಯ ಅರ್ಜಿಯಲ್ಲಿ ಪೆಟ್ಟಿನ ಕಾರಣ ಬರೆಯಬೇಕಾಗುತ್ತದೆ ಎಂದು ಹೆದರಿ ಚಿಕಿತ್ಸೆಯ ಖರ್ಚನ್ನೆಲ್ಲ ಕೈಯಿಂದಲೇ ಕೊಟ್ಟ. ಮುಂದೊಮ್ಮೆ ಬೂಟುಗಳ ಚೀಲದಲ್ಲಿ ಎಕ್ಸ್‌ರೇ ಲಕೋಟೆ, ಟ್ರ್ಯಾಕಿನವರ ರಸೀದಿ ಎರಡೂ ತಾಯಿಯ ಕೈಗೆ ಸಿಕ್ಕಿದವು. ಮಗ ಬಿದ್ದದ್ದಕ್ಕಿಂತ, ಆ 6 ವಾರ ತನ್ನ ಕೈಯಿಂದ ಉಣ್ಣುತ್ತಲೇ ಸುಳ್ಳು ಹೇಳಿದ ಎಂಬುದು ಆ ತಾಯಿಯನ್ನು ಹೆಚ್ಚು ಸುಟ್ಟಿತ್ತು. ಇದನ್ನು ಅವರು ಅಷ್ಟು ದಿನ ಗಂಡನಿಗೂ ಹೇಳಿರಲಿಲ್ಲ.

ಮುಂದಿನ ಭೇಟಿಗೆ ಬರುವಾಗ ಅವನ ಸಾಮಾನಿನ ಚೀಲವನ್ನು ತರಲು ಹೇಳಿದೆ. ನೆಲದ ಮೇಲೆ ಹಳೆಯ ಚಾದರ ಹಾಸಿ, ಟ್ರ್ಯಾಕಿನಲ್ಲಿ ಹೇಗೆ ತೊಡುತ್ತಾನೋ ಹಾಗೆಯೇ ಒಂದೊಂದಾಗಿ ತೊಡಲು ಕೇಳಿದೆ. ಮೊಣಕಾಲಿನ ಕವಚ, ಮೊಣಕಾಲಿನ ಕೆಳಗಿನವರೆಗೆ ಬರುವ ಬೂಟು; ಒಂದೊಂದು ಬೂಟಿಗೂ 4 ಬಕಲ್, ಪ್ರತಿಯೊಂದನ್ನು ಒತ್ತಿದಾಗಲೂ ಟಪ್ಪೆಂಬ ಸದ್ದು. ಅಟ್ಟೆಯ ಸಂದಿನಿಂದ ಒಣಗಿದ ಕೆಂಪು ಮಣ್ಣು ಚಾದರದ ಮೇಲೆ ಉದುರಿತು. ಎದೆಯ ಕವಚ, ಕೈಗವಸು, ತಲೆ ಹಿಂದಕ್ಕೂ ಮುಂದಕ್ಕೂ ಅತಿಯಾಗಿ ಬಾಗದಂತೆ ತಡೆಯುವ ಕೊರಳಪಟ್ಟಿ, ಗದ್ದದವರೆಗೂ ಮುಚ್ಚುವ ಹೆಲ್ಮೆಟ್, ಕೊನೆಗೆ ಗಾಗಲ್ಸ್. ಎಲ್ಲ ಮುಗಿಯಲು ಕಾಲು ಗಂಟೆ ಹಿಡಿಯಿತು. ತಾಯಿ ಎದ್ದುಹೋಗಿ ಎದೆಯ ಕವಚದ ಮೇಲಿದ್ದ ಒಂದು ಆಳವಾದ ಗೀರನ್ನು ಬೆರಳಿನಿಂದ ಸವರಿ ನೋಡಿದರು. ತಂದೆ ಹೆಲ್ಮೆಟನ್ನು ಮಗನ ತಲೆಯಿಂದ ತೆಗೆಸಿ, ತೊಡೆಯ ಮೇಲಿಟ್ಟುಕೊಂಡು, ಒಳಗಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಬಹಳ ಹೊತ್ತು ಕುಳಿತರು. ಆಮೇಲೆ, “ಇದರಾಗಿಂದು ಒಂದರ ನಿಮ್ಮ ಕಾಕಾನ ತಲೀ ಮ್ಯಾಲ ಇದ್ದಿದ್ರ…” ಎಂದು ಹೇಳಿ ನಿಲ್ಲಿಸಿದರು.

ಆ ಕಾಕಾನ ವಿಷಯ ರಾಘುವಿಗೆ ಅರ್ಧ ಮಾತ್ರ ಗೊತ್ತಿತ್ತು. ಸೊಲ್ಲಾಪುರದ ಹಾದಿಯಲ್ಲಿ, ರಾಘು ಹುಟ್ಟುವ ಮೊದಲೇ, ಸ್ಕೂಟರಿನಿಂದ ಬಿದ್ದು ಹೋದ ತಮ್ಮನ ಹೆಣವನ್ನು ಊರಿಗೆ ಒಯ್ದವರು ತಂದೆಯೇ. ಎರಡು ಚಕ್ರದ ಗಾಡಿ ಎಂದರೆ ಅವರಿಗೆ ಆ ಹಾದಿ. ಮಗನ ಮೇಲೆ ತೋರಿಸುತ್ತಿದ್ದ ಸಿಟ್ಟಿನೊಳಗೆ ಮೂವತ್ತಕ್ಕೂ ಹೆಚ್ಚು ವರ್ಷಗಳ ದುಃಖವಿತ್ತು. ಅಷ್ಟಾಗಿಯೂ ಅವರು ತರಕಾರಿ ಮಾರುಕಟ್ಟೆಗೆ ಈಗಲೂ ಬರಿದಲೆಯಲ್ಲಿ ಸ್ಕೂಟರಿನ ಮೇಲೆ ಹೋಗುತ್ತಾರೆ. 2019ರ ಆರಂಭದಲ್ಲಿ ಹೆಲ್ಮೆಟ್ ನಿಯಮವನ್ನು ಬಿಗಿ ಮಾಡಿದಾಗ ಇಲ್ಲಿ ಪ್ರತಿಭಟನೆಗಳೇ ನಡೆದಿದ್ದವು; ಊರೊಳಗೆ ಹೆಲ್ಮೆಟ್ ಬೇಡ ಎಂಬ ಮಾತು ಅವರಿಗೂ ಒಗ್ಗಿಹೋಗಿತ್ತು. ಅಪಾಯವನ್ನು ನಾವು ಅಳೆಯುವುದು ರೂಢಿಯಿಂದ. ದಿನವೂ ಕಾಣುವ ಅಪಾಯ ಕಣ್ಣಿಗೆ ಬೀಳುವುದಿಲ್ಲ, ಅಪರೂಪದ್ದು ಮಾತ್ರ ದೊಡ್ಡದಾಗಿ ಕಾಣುತ್ತದೆ. ಇದನ್ನು ಅವರಿಗೆ ಮೆಲ್ಲಗೆ ಹೇಳಿದಾಗ ಅವರು ವಾದಿಸಲಿಲ್ಲ.

ನನ್ನ ಕಡೆಯಿಂದ ಒಂದು ತಪ್ಪು ಹೆಜ್ಜೆ ಆಯಿತು, ಅದನ್ನೂ ದಾಖಲಿಸಬೇಕು. ಈ ಕ್ರೀಡೆಗೆ ಮರ್ಯಾದೆ ಇದೆ ಎಂದು ತಿಳಿಸಲು, 2015ರಲ್ಲಿ, ಮರುಭೂಮಿಗಳಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದ ಸಿ.ಎಸ್. ಸಂತೋಷ್ ಮತ್ತು 2019ರಲ್ಲಿ ಬಾಹಾ ಎಂಬ ಕಚ್ಚಾ ಹಾದಿಯ ಓಟಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಇಬ್ಬರೂ ನಮ್ಮ ಕರ್ನಾಟಕದವರೇ ಎಂದು ಹೇಳಿದೆ. ತಂದೆ ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿದ್ದಾರೆ; 2021ರ ಡಾಕಾರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾದ ಸುದ್ದಿಯೇ ಮೊದಲು ಸಿಕ್ಕಿದೆ. ತಾಯಿ ಕೇಳಿದ್ದು ಒಂದೇ ಮಾತು: “ಅವರವ್ವ ಆಗ ಹೆಂಗ ಇದ್ದಳೋ?” ಹವ್ಯಾಸಕ್ಕೆ ಓಡಿಸುವವನ ಪರವಾಗಿ ಚಾಂಪಿಯನ್ನರನ್ನು ಸಾಕ್ಷಿಗೆ ಕರೆಯಬಾರದು. ಅವರ ಸಾಧನೆಯೂ ಇವನದಲ್ಲ, ಅವರ ಅಪಾಯದ ಪ್ರಮಾಣವೂ ಇವನದಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಣ್ಣಿನಲ್ಲಿ ಖುಷಿಪಡುವುದಕ್ಕೆ ಪದಕದ ಸಮರ್ಥನೆ ಬೇಕಿಲ್ಲ.

ರಾಘುವಿಗೆ ಕೊಟ್ಟ ಸಲಹೆ ಹೀಗಿತ್ತು. ಜನ ನಿನ್ನನ್ನು ನೋಡುವ ಬಗೆಯಲ್ಲಿ ಮೂರು ಬೇರೆಬೇರೆ ಸಂಗತಿಗಳು ಬೆರೆತಿವೆ: ನೆರೆಯವರಿಗೆ ಆಗುವ ತೊಂದರೆ, ಮನೆಯವರಿಗೆ ಆಗುವ ಭಯ, ನೆಂಟರಲ್ಲಿ ಹರಡುವ ಹೆಸರು. ನೀನು ಹೆಸರಿನ ಜೊತೆಗೇ ಗುದ್ದಾಡುತ್ತ ಉಳಿದೆರಡನ್ನು ಮರೆತಿದ್ದೀಯೆ. ತೊಂದರೆಯನ್ನು ನಾಳೆಯೇ ನಿಲ್ಲಿಸಬಹುದು. ಬೈಕನ್ನು ಟ್ರ್ಯಾಕಿನ ಶೆಡ್ಡಿನಲ್ಲಿ ಬಾಡಿಗೆ ಕೊಟ್ಟು ಇಡು, ನೆಲಮಾಳಿಗೆಯಲ್ಲಿ ಎಂಜಿನ್ ಚಾಲೂ ಮಾಡಬೇಡ, ಮೇಲಿನ ಮಹಡಿಯ ಮನೆಗೆ ಹೋಗಿ ಕ್ಷಮೆ ಕೇಳು, ಟೇಕಡಿ ಮತ್ತು ಅರಣ್ಯ ಇಲಾಖೆಯ ಜಾಗಕ್ಕೆ ಯಾರ ಗಾಡಿಯಲ್ಲೂ ಕಾಲಿಡಬೇಡ. ಭಯವನ್ನು ವಾದದಿಂದ ಕಳೆಯಲಾಗದು. ಪೆಟ್ಟಾದರೆ ಅದೇ ದಿನ, ನಿನ್ನ ಬಾಯಿಂದಲೇ ಮನೆಗೆ ತಿಳಿಯಬೇಕು. ವಿಮೆಯ ಕಾಗದಗಳಲ್ಲಿ ಕೇಳಿದ ಕಡೆ ಹವ್ಯಾಸವನ್ನು ಮುಚ್ಚದೆ ಬರೆ. ಆರೋಗ್ಯ ವಿಮೆಯ ಷರತ್ತುಗಳಲ್ಲಿ ಸಾಮಾನ್ಯವಾಗಿ ಹೊರಗಿಡುವುದು ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ತೊಡಗಿದವರ ಪೆಟ್ಟನ್ನು, ನಿನ್ನ ಪಾಲಿಸಿಯಲ್ಲಿ ಏನಿದೆ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೋ. ಇನ್ನು ಹೆಸರಿನ ವಿಷಯ. ಸೋದರಮಾವನನ್ನು ಒಪ್ಪಿಸಲು ಹೋಗಬೇಡ. ಮದುವೆಯಾಗಬೇಕಾದವಳೊಂದಿಗೆ ನೇರವಾಗಿ ಮಾತನಾಡು, ಮುರಿದ ಎಲುಬಿನ ಸಂಗತಿಯನ್ನೂ ಸೇರಿಸಿ.

ತಂದೆತಾಯಿಗೆ ಹೇಳಿದ್ದು ಎರಡೇ. ಮನೆಯಲ್ಲಿ ‘ಚಟ’ ಎಂಬ ಪದವನ್ನು ನಿಲ್ಲಿಸಿ. ನೀವೇ ಆ ಪದ ಬಳಸಿದರೆ ಹೊರಗಿನವರು ‘ಉಡಾಳ’ ಎಂದಾಗ ತಡೆಯುವವರು ಯಾರು? ಮತ್ತು ಒಂದು ಸಾಧಾರಣ ಭಾನುವಾರ, ಸ್ಪರ್ಧೆ ಇಲ್ಲದ ದಿನ, ಟ್ರ್ಯಾಕಿಗೆ ಹೋಗಿ ಬನ್ನಿ. ತಂದೆಯವರೊಂದಿಗೆ ಅವರ ತಮ್ಮನ ಕುರಿತು ಪ್ರತ್ಯೇಕವಾಗಿ ನಾಲ್ಕು ಭೇಟಿಗಳು ನಡೆದವು; ಅದನ್ನು ಇಲ್ಲಿ ಬರೆಯುವುದಿಲ್ಲ.

ರಾಘು ಆ ಹುಡುಗಿಯನ್ನು ಒಂದು ಹೋಟೆಲಿನಲ್ಲಿ ಭೇಟಿಯಾದ. ಬೈಕಿನ ಬಗ್ಗೆ ಆಕೆಗೆ ಆಕ್ಷೇಪವಿರಲಿಲ್ಲ. ‘ಮಗುವಾದ ಮೇಲೂ ಹೋಗುತ್ತೀರಾ?’ ಎಂದು ಕೇಳಿದಳಂತೆ. ಈಗಲೇ ಹೇಳಲಾರೆ, ಆಗ ಇಬ್ಬರೂ ಕೂತು ಯೋಚಿಸೋಣ ಎಂದನಂತೆ. ಅದಕ್ಕೂ ಆಕೆ ಒಪ್ಪಿದ್ದಳು. ಆದರೆ ಎಲುಬು ಮುರಿದದ್ದನ್ನು ತಾಯಿಯಿಂದ ಮುಚ್ಚಿಟ್ಟ ಸಂಗತಿ ಕೇಳಿದ ಮೇಲೆ ಸಮಯ ಬೇಕೆಂದಳು, ಎರಡು ವಾರ ಕಳೆದು ಬೇಡವೆಂದಳು. ಅವನು ನನ್ನ ಮುಂದೆ ಅತ್ತ. ಹೇಳದೇ ಇದ್ದಿದ್ದರೆ ಮದುವೆಯಾಗುತ್ತಿತ್ತು ಎಂದು ಅವನಿಗೆ ಆ ದಿನ ಅನ್ನಿಸಿತ್ತು. ನನಗೆ ಆ ಸಲಹೆಯ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಅದರ ಬೆಲೆ ತೆತ್ತವನು ಅವನು ಎಂಬುದು ನನ್ನ ನೆನಪಿನಲ್ಲಿದೆ.

ತಂದೆ ಟ್ರ್ಯಾಕಿಗೆ ಎರಡು ಸಲ ಹೋಗಿ ಬಂದರು. ಮೊದಲ ಸಲ ಟೆಂಪೋದ ಪಕ್ಕದಲ್ಲೇ ಬೆನ್ನು ತಿರುಗಿಸಿ ನಿಂತಿದ್ದರು. ಎರಡನೆಯ ಸಲ ಹಗ್ಗ ಬಿಚ್ಚಲು ಕೈಹಾಕಿದರು. ತಾಯಿ ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ ಎಂದಿದ್ದಾರೆ. ಮಗನೊಂದಿಗೆ ಅವರೇ ಮಾಡಿಕೊಂಡ ಒಂದು ಒಪ್ಪಂದವಿದೆ: ಸವಾರಿ ಮುಗಿಸಿದ ಕೂಡಲೇ ಅವನು ಫೋನ್ ಮಾಡಿ, “ಅವ್ವಾ, ಗಾಡಿ ಟೆಂಪೋದಾಗ ಏರಿಸೇನಿ” ಎಂದು ಹೇಳಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಭಾನುವಾರ ಅವರು ಊಟಕ್ಕೆ ಕೂರುವುದಿಲ್ಲ. ಅದನ್ನು ಬಿಡಿಸಲು ನಾನು ಯತ್ನಿಸಿಲ್ಲ.