ಆಗುಂಬೆಯ ಮಳೆಯನ್ನು ಅಳೆದು ನೋಡಿ

ಪ್ರಿಯ ಬರಹಗಾರರೇ,

4294967297 ಎಂಬ ಸಂಖ್ಯೆಯ ಬಗ್ಗೆ ನೀವು ಬರೆದ ಲೇಖನ ತಲುಪಿದೆ. ವಿಷಯ ಒಳ್ಳೆಯದು, ಭಾಷೆ ಸ್ವಚ್ಛವಾಗಿದೆ. ಆದರೆ ಎರಡು ವಾಕ್ಯಗಳನ್ನು ನಾನು ಹಾಗೆಯೇ ಅಚ್ಚಿಗೆ ಕಳುಹಿಸಲಾರೆ.

ಒಂದು: "ಆಗುಂಬೆಯ ಮಳೆಹನಿಗಳಂತೆ ಎಣಿಕೆಗೆ ನಿಲುಕದ ಸಂಖ್ಯೆ." ಹತ್ತು ಅಂಕಿಗಳಲ್ಲಿ ಬರೆದು ಮುಗಿಸಿದ್ದು ಎಣಿಕೆಗೆ ನಿಲುಕದ್ದು ಹೇಗಾಯಿತು? ಅದು 429 ಕೋಟಿ 49 ಲಕ್ಷ 67 ಸಾವಿರದ 297. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿಯಿರಿ. ಅಷ್ಟು ಹನಿ ಸೇರಿದರೆ ಸುಮಾರು 2,15,000 ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರಿನಷ್ಟು ಮಳೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಅಂಗಳಕ್ಕೆ ಅಲ್ಲಿ ಒಂದು ವರ್ಷ ಸುರಿಯುವ ನೀರು ಹೆಚ್ಚುಕಡಿಮೆ ಇಷ್ಟೇ! ಇಂಥ ಉಪಮೆ ಕೈಗೆ ಸಿಕ್ಕಿದ್ದರೂ ಅಳೆಯದೆ ಬಿಟ್ಟಿರಲ್ಲ ಎಂಬುದೇ ನನ್ನ ಸಂಕಟ. ಅಳೆದಿದ್ದರೆ, ನಮ್ಮ ಓದುಗರು ಅಡಿಕೆ ಹರವುವ ಅಂಗಳದಲ್ಲಿ ನಿಂತು ಆ ಸಂಖ್ಯೆಯನ್ನು ಕಣ್ಣಾರೆ ಕಾಣುತ್ತಿದ್ದರು.

ಇನ್ನೊಂದು: "ಅವಿಭಾಜ್ಯವೆಂದು ಫರ್ಮಾ ನಂಬಿದ್ದ ಈ ಸಂಖ್ಯೆಯನ್ನು 1732ರಲ್ಲಿ ಆಯ್ಲರ್ ದೈವದತ್ತ ಪ್ರತಿಭೆಯಿಂದ ಕ್ಷಣಮಾತ್ರದಲ್ಲಿ ಒಡೆದ." ಹದಿನೇಳನೆಯ ಶತಮಾನದ ಗಣಿತಜ್ಞ ಫರ್ಮಾ ಯಾಕೆ ನಂಬಿದ? 2ರ 1, 2, 4, 8, 16ನೆಯ ಘಾತಗಳಿಗೆ ಒಂದೊಂದು ಕೂಡಿಸಿದರೆ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದಿನದು 32ನೆಯ ಘಾತ, ಅಲ್ಲಿಗೆ ನಿಮ್ಮ ಸಂಖ್ಯೆ. ಐದು ಸಲ ಕೈಹಿಡಿದ ನಿಯಮವನ್ನು ಆರನೆಯ ಸಲ ಯಾರು ತಾನೇ ಅನುಮಾನಿಸುತ್ತಾರೆ? ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

‘ಕ್ಷಣಮಾತ್ರ’ವನ್ನಂತೂ ಹೊಡೆದು ಹಾಕಿ. ಇದನ್ನು ಭಾಗಿಸುವ ಯಾವ ಅವಿಭಾಜ್ಯವನ್ನಾದರೂ 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು ಎಂದು ಗಣಿತಜ್ಞ ಆಯ್ಲರ್ ತೋರಿಸಿದ. ಆಮೇಲೆ ಪರೀಕ್ಷಿಸಬೇಕಾದವು 193, 257, 449, 577, 641. ಮೊದಲ ನಾಲ್ಕೂ ಕೈಕೊಡುತ್ತವೆ. ಐದನೆಯದಕ್ಕೆ ಶೇಷ ಸೊನ್ನೆ: 641 × 6700417. ಪ್ರತಿಭೆ ಇರುವುದು ಆ 64ರಲ್ಲಿ. ಅದನ್ನು ಬಿಟ್ಟು ‘ದೈವದತ್ತ’ ಎಂದರೆ ಓದುಗನಿಗೆ ಏನು ದಕ್ಕಿತು?

ತೀರ್ಥಹಳ್ಳಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಲು ಸೇರಿದಾಗ ನನಗೆ ಹತ್ತೊಂಬತ್ತು. ಸಹಕಾರ ಸಂಘವೊಂದರ ವಾರ್ಷಿಕ ವರದಿಯನ್ನು ಮೂಲದೊಡನೆ ಹೋಲಿಸಿ, ಸರಿಯಿದೆ ಎಂದು ಸಹಿ ಹಾಕಿ ಕೊಟ್ಟೆ. ಹಿರಿಯರು ಹಾಳೆಯನ್ನು ನನ್ನತ್ತಲೇ ತಳ್ಳಿ, "ಓದಿದ್ದು ಸಾಕು, ಈಗ ಕೂಡಿಸು" ಎಂದರು. ಮೊತ್ತ ಮೂವತ್ತು ರೂಪಾಯಿ ಹೆಚ್ಚು ಬಂತು. ಹತ್ತರ ಸ್ಥಾನದಲ್ಲಿ 6ರ ಅಚ್ಚುಮೊಳೆ ತಲೆಕೆಳಗಾಗಿ 9 ಆಗಿತ್ತು. ಸೀಸದ ಮಸಿ ಮೆತ್ತಿದ ಬೆರಳಿನಿಂದ ಅವರು ಅದೊಂದೇ ಮೊಳೆಯನ್ನು ಎತ್ತಿ ತಿರುಗಿಸಿ ಕೂರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ದಿನದಿಂದ ನಾನು ಕೂಡಿಸದೆ ಯಾವ ಅಂಕಿಯನ್ನೂ ಮುಂದಕ್ಕೆ ಬಿಟ್ಟಿಲ್ಲ. ನಿನ್ನೆ ರಾತ್ರಿ 6700417ನ್ನು 641ರಿಂದ ಕೈಯಲ್ಲೇ ಗುಣಿಸಿದೆ. ಎರಡು ಸಲ.

ನೀವೂ ಗುಣಿಸಿ. 193ರಿಂದ ಶುರುಮಾಡಿ ಐದೂ ಭಾಗಾಕಾರಗಳನ್ನು ಕೈಯಾರೆ ಮಾಡಿ, ನಾಲ್ಕನೆಯದೂ ಕೈಕೊಟ್ಟಾಗ ಏನನ್ನಿಸಿತು ಎಂಬುದನ್ನು ಬರೆಯಿರಿ. ಮಳೆಗಾಲದ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.