ಹೆಡ್ ವಾರ್ಡರ್ ಬಡ್ತಿ ಬಂದಿದೆ, ಬೆಂಗಳೂರಿಗೆ ಹೋದರೆ ಪಗಾರ ಸಾಲುತ್ತಾ?

ಜೈಲಿನಲ್ಲಿ ವಾರ್ಡರ್ ಆಗಿರುವ ನಿಮಗೆ ಹೆಡ್ ವಾರ್ಡರ್ ಬಡ್ತಿ ಜೊತೆ ಬೆಂಗಳೂರಿಗೆ ವರ್ಗ ಬಂದಿದೆ, ಪಗಾರ ಸಾಲುತ್ತಾ ಅಂತ ಇಲ್ಲಿ ಕೇಳಿದ್ದೀರಿ. ರಾಯಚೂರಿನ ಜೈಲ್ ಕ್ವಾರ್ಟರ್ಸ್ ಬಾಗಿಲಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. 2022ರ ಸೆಪ್ಟೆಂಬರ್. ವಾರ್ಡರ್ ಆಗಿ ಹದಿನೈದು ವರ್ಷ ಆಗಿತ್ತು. ಮುಖ್ಯ ವೀಕ್ಷಕ, ಅಂದರೆ ಹೆಡ್ ವಾರ್ಡರ್, ಅಂತ ಬಡ್ತಿ ಆದೇಶ ಬಂತು, ಜೊತೆಗೆ ಬೆಂಗಳೂರಿಗೆ ವರ್ಗ. ನಿಮ್ಮ ಹಾಗೇ ಇಬ್ಬರು ಮಕ್ಕಳು. ನಿಮ್ಮ ಮನೆಯವರ ಹಾಗೇ ನನ್ನ ಹೆಂಡತಿಗೂ ಊರು ಬಿಡಲು ಮನಸ್ಸಿರಲಿಲ್ಲ. ಬಡ್ತಿ ಬಿಟ್ಟುಕೊಡಲಾ ಅಂತ ನೀವು ಕೇಳಿದ್ದೀರಿ. ನಾನು ಬಿಡಲಿಲ್ಲ, ಹೋದೆ. ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಹೋದ ನಾಲ್ಕನೇ ದಿನ ಒಂದು ಅರ್ಜಿ ಬರೆದುಕೊಟ್ಟೆನಲ್ಲ, ಆ ಒಂದು ಹಾಳೆ ನನ್ನನ್ನು ಎರಡು ವರ್ಷ ಅರೆದುಬಿಟ್ಟಿತು.

ಡ್ಯೂಟಿಗೆ ಸೇರಿದ ಕೂಡಲೇ ಒಂದು ಕ್ವಾರ್ಟರ್ಸ್ ಖಾಲಿ ಇದೆ ಅಂದರು. ಹೋಗಿ ನೋಡಿದೆ. ಒಂದು ರೂಮು, ಒಂದು ಹಾಲು, ಸಣ್ಣ ಅಡುಗೆಮನೆ, ಮೂರನೇ ಮಹಡಿ. ಅವ್ವನಿಗೆ ಮೊಣಕಾಲು ನೋವು. ಮಗಳು ಎಂಟನೇ ಕ್ಲಾಸು, ಅವಳಿಗೆ ಓದಲು ಬೇರೆ ಜಾಗ ಬೇಕಿತ್ತು. ಗೆಳೆಯನೊಬ್ಬ "ಎಚ್‌ಆರ್‌ಎ ಸುಮ್ನೆ ಯಾಕೆ ಬಿಡ್ತೀಯ, ಹೊರಗೆ ಒಳ್ಳೇ ಮನೆ ಸಿಗುತ್ತೆ" ಅಂದ. ಎಚ್‌ಆರ್‌ಎ ಅಂದರೆ ಕ್ವಾರ್ಟರ್ಸ್ ತೆಗೆದುಕೊಳ್ಳದವರಿಗೆ ಪಗಾರದ ಜೊತೆ ಬರುವ ಮನೆ ಬಾಡಿಗೆ ಭತ್ಯೆ. ನನಗೂ ಸರಿ ಅನ್ನಿಸಿತು. "ಸದ್ಯಕ್ಕೆ ವಸತಿಗೃಹದ ಅಗತ್ಯವಿಲ್ಲ" ಅಂತ ಬರೆದು ಸಹಿ ಹಾಕಿದೆ.

ನಾನು ಹಾಕಿದ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ನೀವೂ ಈಗ ಅದನ್ನೇ ಹಾಕುತ್ತಿದ್ದೀರಿ ಅಂತ ನಿಮ್ಮ ಪ್ರಶ್ನೆ ಓದಿದಾಗಲೇ ಗೊತ್ತಾಯಿತು.

ವಾರ್ಡರ್ ಆಗಿದ್ದಾಗ ಬೇಸಿಕ್, ಅಂದರೆ ಮೂಲ ವೇತನ, 31,100. ಬಡ್ತಿ ಆದಮೇಲೆ 32,600. ಹೆಚ್ಚಿದ್ದು 1,500 ಮಾತ್ರ. ಆಗ ಡಿಎ, ಅಂದರೆ ತುಟ್ಟಿಭತ್ಯೆ, ಶೇ 31 ಇತ್ತು, ಅದರಿಂದ ಇನ್ನೊಂದು 465. ನಾವು 2006ರ ಏಪ್ರಿಲ್ ನಂತರ ಸೇರಿದವರು, ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿದ್ದೇವೆ. ಬೇಸಿಕ್ ಮತ್ತು ಡಿಎ ಸೇರಿಸಿ ಶೇ 10 ಅಲ್ಲೇ ಕಡಿತ. ಹೆಗಲ ಮೇಲೆ ಪಟ್ಟಿ ಬಂದು, ಕೈಕೆಳಗೆ ಹುಡುಗರು ಬಂದು, ಇಡೀ ಬ್ಯಾರಕ್‌ನ ಕೈದಿಗಳ ಎಣಿಕೆ ನನ್ನ ತಲೆ ಮೇಲೆ ಬಂದು, ಬಡ್ತಿಯಿಂದ ಕೈಗೆ ಸಿಕ್ಕಿದ್ದು ತಿಂಗಳಿಗೆ ಸುಮಾರು 1,770 ರೂಪಾಯಿ. ಆದರೆ ಅವತ್ತು ನನ್ನ ಕಣ್ಣಿಗೆ ಕಂಡಿದ್ದು ಎಚ್‌ಆರ್‌ಎ. ಬೆಂಗಳೂರಿಗೆ ಆಗ ಶೇ 24. ಅಂದರೆ 7,824. ಎರಡೂ ಸೇರಿಸಿ "ಪಗಾರ ಹತ್ತು ಸಾವಿರ ಜಾಸ್ತಿ ಆಯ್ತು" ಅಂತ ಹೆಂಡತಿಗೆ ಫೋನ್ ಮಾಡಿ ಹೇಳಿದೆ.

ಹೊಸ ರೋಡ್ ಅನ್ನುವ ಏರಿಯಾ ಹತ್ತಿರ ಎರಡು ರೂಮಿನ ಮನೆ ಸಿಕ್ಕಿತು. ಬಾಡಿಗೆ 14,000. ಹತ್ತು ಸಾವಿರ ಹೇಗೂ ಹೆಚ್ಚು ಬರುತ್ತೆ, ರಾಯಚೂರಲ್ಲಿ ತಿಂಗಳಿಗೆ ಆರು ಸಾವಿರ ಉಳಿಸ್ತಿದ್ದೆ, ನಾಲ್ಕು ಸಾವಿರ ಅದರಲ್ಲಿ ಹಾಕಿದರೆ ಆಯ್ತಲ್ಲ ಅಂದುಕೊಂಡೆ. ಆ ಆರು ಸಾವಿರ ಯಾಕೆ ಉಳಿಯುತ್ತಿತ್ತು ಅಂತ ಒಂದು ಸಲವೂ ಯೋಚಿಸಲಿಲ್ಲ. ಊರಿಂದ ಅಣ್ಣ ಜೋಳದ ಚೀಲ ಕಳಿಸುತ್ತಿದ್ದ, ತೊಗರಿಬೇಳೆ ಬರುತ್ತಿತ್ತು, ಮೆಣಸಿನಕಾಯಿ ಬರುತ್ತಿತ್ತು. ಇಬ್ಬರು ಮಕ್ಕಳ ಸ್ಕೂಲಿಗೆ ವರ್ಷಕ್ಕೆ 36,000 ಸಾಕಾಗುತ್ತಿತ್ತು. ಡ್ಯೂಟಿಗೆ ನಡೆದೇ ಹೋಗುತ್ತಿದ್ದೆ. ನನ್ನ ಉಳಿತಾಯ ಬಂದಿದ್ದು ಪಗಾರದಿಂದಲ್ಲ, ಹೊಲದಿಂದ ಮತ್ತು ಕ್ವಾರ್ಟರ್ಸ್‌ನಿಂದ. ಎರಡನ್ನೂ ಬಿಟ್ಟು ಬಂದಮೇಲೆ ಅದು ಎಲ್ಲಿ ಉಳಿಯುತ್ತೆ?

ಬೆಂಗಳೂರಲ್ಲಿ ಸ್ಕೂಲ್ ಫೀಸೇ 1,30,000 ಆಯಿತು. ಮನೆ ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, 1,40,000. ಸೊಸೈಟಿಯಲ್ಲಿ ಸಾಲ ತೆಗೆದೆ, ತಿಂಗಳಿಗೆ 4,650 ಕಂತು. ಬೆಳಗ್ಗೆ ಬ್ಯಾರಕ್ ತೆರೆದು ಎಣಿಸುವ ಹೊತ್ತಿಗೆ ಒಳಗಿರಬೇಕು, ಹಾಗಾಗಿ ಬಸ್ಸು ನಂಬೋಕಾಗಲ್ಲ, ಬೈಕ್ ಬೇಕು. ಆಗ ಪೆಟ್ರೋಲ್ ಲೀಟರಿಗೆ 102. ಬಂದಾಗ ನಂದಿನಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 37 ಇತ್ತು, ಮುಂದಿನ ತಿಂಗಳೇ 39, 2023ರ ಆಗಸ್ಟ್‌ನಲ್ಲಿ 42. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. 12,000 ಲೀಟರ್ ಟ್ಯಾಂಕರ್‌ಗೆ ಹತ್ತಿರದ ದೂರಕ್ಕೆ ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಬೇಕಾಗಿ ಬಂತು, ಅಂಥ ಬೇಸಿಗೆ ಅದು. ಮಾಲೀಕರು ನೀರಿನ ದುಡ್ಡು 500ರಿಂದ 1,500ಕ್ಕೆ ಏರಿಸಿದರು. ಅವರನ್ನು ಬೈಯಲಾರೆ, ಅವರೂ ಕೊಂಡೇ ತರುತ್ತಿದ್ದರು. ಶಕ್ತಿ ಯೋಜನೆ ಬಂದಮೇಲೆ ಅವ್ವ, ಹೆಂಡತಿ, ಮಗಳು ಕೆಂಪು ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲದೆ ಊರಿಗೆ ಹೋಗಿಬಂದರು. ಆ ದಿನಗಳಲ್ಲಿ ನಮ್ಮ ಮನೆಗೆ ನಿಜವಾಗಿ ಉಸಿರಾಡಲು ಕೊಟ್ಟದ್ದು ಅದೊಂದೇ.

ಐದೇ ತಿಂಗಳಿಗೆ ಹೆಂಡತಿಯ ಬಳೆ ಗಿರವಿಗೆ ಹೋದವು. "ರೀ, ಆ ಕ್ವಾರ್ಟರ್ಸ್ ಕೇಳಿ ನೋಡಿ" ಅಂದಳು. ಕೇಳಿದೆ. ಬೇಡ ಅಂತ ಬರೆದುಕೊಟ್ಟಿದ್ದರಿಂದ ನನ್ನ ಹೆಸರು ಪಟ್ಟಿಯ ಕೊನೆಗೆ ಹೋಗಿತ್ತು. ನಾನು ಬಿಟ್ಟ ಮನೆಯಲ್ಲಿ ಬೇರೆಯವರು ಸಂಸಾರ ಹೂಡಿದ್ದರು. ಮತ್ತೆ ಮನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಇಪ್ಪತ್ತಮೂರು ತಿಂಗಳು. ಬಂದ ಎಚ್‌ಆರ್‌ಎ ಎಲ್ಲ ಕಳೆದು, ಬಾಡಿಗೆಗೆ ನನ್ನ ಕೈಯಿಂದ ಹೋದದ್ದು ಸುಮಾರು 1,40,000. ಆ ಎಚ್‌ಆರ್‌ಎಯನ್ನು ನಾನು ಪಗಾರ ಅಂದುಕೊಂಡಿದ್ದೆ. ಅದು ನನ್ನ ಖಾತೆಗೆ ಬಂದು ಐದನೇ ತಾರೀಖು ಮಾಲೀಕರ ಖಾತೆಗೆ ಹೋಗುವ ದುಡ್ಡು, ಅದೂ ಅರ್ಧ ಬಾಡಿಗೆಗೆ ಮಾತ್ರ ಸಾಲುವಷ್ಟು. ಈ ಒಂದು ಮಾತು ಅವತ್ತು ಯಾರಾದರೂ ಹೇಳಿದ್ದರೆ ಆ ಸಹಿ ಹಾಕುತ್ತಿರಲಿಲ್ಲ.

ದುಡ್ಡು ಹೋಯಿತು, ಹೋಗಲಿ. ಇನ್ನೊಂದು ನಡೆಯಿತು. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಒಂದು ಸಂಜೆ ಲಾಕಪ್ ಹೊತ್ತು, ಕೈದಿಗಳನ್ನು ಒಳಗೆ ಬಿಟ್ಟು ಬೀಗ ಹಾಕುವ ಸಮಯ. ಬ್ಯಾರಕ್‌ನಲ್ಲಿ ಎಣಿಸುತ್ತಾ ಬರುತ್ತಿದ್ದೆ. ವಂಚನೆ ಕೇಸಲ್ಲಿ ಬಂದಿದ್ದ ಒಬ್ಬ ವಿಚಾರಣಾಧೀನ ಕೈದಿ, ದುಡ್ಡಿದ್ದವನು, ಮೆಲ್ಲಗೆ ಅಂದ: "ಸಾರ್, ಮಗಳ ಫೀಸ್ ಬಾಕಿ ಇದೆಯಂತೆ. ಹೊರಗೆ ನಮ್ಮ ಹುಡುಗರಿದ್ದಾರೆ, ಕಟ್ಟಿಬಿಡ್ತಾರೆ. ನೀವೇನೂ ಮಾಡೋದು ಬೇಡ." ನನ್ನ ಎಣಿಕೆ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದೆ. ಅವನಿಗೆ ಹೇಗೆ ಗೊತ್ತಾಯಿತು? ಗೇಟ್ ಹತ್ತಿರ ಜೊತೆಯವರೊಬ್ಬರ ಹತ್ತಿರ ಕೈಸಾಲ ಕೇಳಿದ್ದೆ, ಅಷ್ಟೇ. ಜೈಲಿನಲ್ಲಿ ಗೋಡೆಗೆ ಕಿವಿ ಇದೆ ಅನ್ನೋದು ಬರೀ ಮಾತಲ್ಲ. ನೀವೇನೂ ಮಾಡೋದು ಬೇಡ ಅಂದವನು ಮುಂದಿನ ತಿಂಗಳು ಏನು ಕೇಳುತ್ತಾನೆ ಅಂತ ಹದಿನೈದು ವರ್ಷ ಸರ್ವಿಸ್ ಮಾಡಿದವನಿಗೆ ಗೊತ್ತು. ಮೊದಲು ಬೀಡಿ ಕಟ್ಟು, ಆಮೇಲೆ ಸಿಮ್, ಆಮೇಲೆ ಫೋನು. ಅವತ್ತು ರಾತ್ರಿಯೇ ಜೈಲರ್ ಸಾಹೇಬರಿಗೆ ಹೇಳಿ ರಿಪೋರ್ಟ್ ಬರೆದೆ. ಆದರೆ ಅವನ ಮಾತು ಕೇಳಿದ ಆ ಎರಡು ಕ್ಷಣ ನನ್ನ ಮನಸ್ಸು ಫೀಸಿನ ಲೆಕ್ಕ ಹಾಕಿತ್ತು. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಹಾಗಾಗಿ ಪಗಾರ ಸಾಲುತ್ತಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾರ್ಡರ್ ಸಾಲ ಮಾಡಿದರೆ ಅವನೊಬ್ಬನ ಕಷ್ಟ. ಹೆಡ್ ವಾರ್ಡರ್ ಸಾಲದಲ್ಲಿದ್ದರೆ ಅವನ ಕೈಕೆಳಗಿನ ಹುಡುಗರಿಗೂ ಅಪಾಯ, ಯಾಕಂದರೆ ಅವರಲ್ಲಿ ಯಾರು ಎಲ್ಲಿ ಡ್ಯೂಟಿಗೆ ನಿಲ್ಲಬೇಕು ಅಂತ ಹೇಳುವವನು ಅವನೇ. ನೀವು ಕೇಳಿಕೊಳ್ಳಬೇಕಾದದ್ದು ಒಂದೇ, ಸಾಲ ಇಲ್ಲದೆ ಎಲ್ಲಿ ಇರಬಹುದು?

"ಈಗ ಏಳನೇ ವೇತನ ಆಯೋಗ ಬಂದಿದೆ, ಶೇ 27.5 ಜಾಸ್ತಿ ಆಗಿದೆ" ಅಂತ ಬರೆದಿದ್ದೀರಿ. ಅದರಲ್ಲಿ ಶೇ 17 ಮಧ್ಯಂತರ ಪರಿಹಾರ ಅಂತ 2023ರ ಏಪ್ರಿಲ್‌ನಿಂದಲೇ ನಮ್ಮ ಕೈಗೆ ಬಂದಿತ್ತು, ಖರ್ಚೂ ಆಗಿತ್ತು. 2024ರ ಆಗಸ್ಟ್‌ನಲ್ಲಿ ಹೊಸದಾಗಿ ಕಂಡಿದ್ದು ಉಳಿದ ಭಾಗ ಮಾತ್ರ. ಎಚ್‌ಆರ್‌ಎ ಬೆಂಗಳೂರಿಗೆ ಶೇ 24ರಿಂದ 20ಕ್ಕೆ ಇಳಿಯಿತು. ಬೇಸಿಕ್ ದೊಡ್ಡದಾಗಿದ್ದರಿಂದ ರೂಪಾಯಿಯಲ್ಲಿ ಹೆಚ್ಚೇ, ನನಗೆ ಸುಮಾರು 10,900 ಆಯಿತು. ನಾನಿದ್ದ ಅದೇ ಮನೆಗೆ ಈಗ 18,000 ಕೇಳುತ್ತಾರೆ. ಹಾಲು 2025ರ ಏಪ್ರಿಲ್‌ನಲ್ಲಿ 46 ಆಯಿತು.

ಬಡ್ತಿ ಬಿಡಬೇಡಿ. ಬಿಟ್ಟರೆ ನಿಮ್ಮ ಹಿಂದಿನವರು ಮುಂದೆ ಹೋಗುತ್ತಾರೆ, ಆಮೇಲೆ ಅವರ ಕೈಕೆಳಗೇ ಡ್ಯೂಟಿ ಮಾಡಬೇಕು. ಕ್ವಾರ್ಟರ್ಸ್ ಸಿಗುವವರೆಗೆ ಮನೆಯವರನ್ನು ಕರೆತರಬೇಡಿ. ಮಕ್ಕಳ ಸ್ಕೂಲು ಮಧ್ಯದಲ್ಲಿ ಬಿಡಿಸಬೇಡಿ. ನೀವು ಜೊತೆಯವರೊಂದಿಗೆ ಒಂದು ರೂಮು ಮಾಡಿಕೊಳ್ಳಿ. ಆರು ತಿಂಗಳು ಕಷ್ಟ ಆಗುತ್ತೆ, ಆಗಲಿ. ಕೆಲವರು ಲೀಸ್‌ಗೆ ಮನೆ ಹಿಡಿ ಅನ್ನುತ್ತಾರೆ. ಎಂಟು ಹತ್ತು ಲಕ್ಷ ಸಾಲ ತಂದು ಬೇರೆಯವರ ಕೈಗೆ ಕೊಡುವುದು ನಮ್ಮಂಥವರಿಗೆ ಬೇಡವೇ ಬೇಡ.

ಮನೆ ಸಣ್ಣದಿದ್ದರೂ, ಮೂರನೇ ಮಹಡಿ ಆದರೂ ತೆಗೆದುಕೊಳ್ಳಿ. ಈಗ ನಮಗೆ ಸಿಕ್ಕಿರುವುದೂ ಒಂದೇ ರೂಮಿನದು. ಮಗಳು ಅಡುಗೆಮನೆಯಲ್ಲಿ ಕೂತು ಓದುತ್ತಾಳೆ. ಅಡ್ವಾನ್ಸ್ ವಾಪಸ್ ಬಂದ ದಿನ ಬಳೆ ಬಿಡಿಸಿಕೊಂಡು ಬಂದೆವು.

ಡ್ಯೂಟಿಗೆ ಸೇರಿದ ದಿನವೇ ಕ್ವಾರ್ಟರ್ಸ್‌ಗೆ ಅರ್ಜಿ ಕೊಡಿ. ಸುಮ್ನೆ ಮೇಜಿನ ಮೇಲೆ ಇಟ್ಟು ಬರಬೇಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಿ. ನಾಳೆ ಪಟ್ಟಿ ನೋಡುವಾಗ ಆ ತಾರೀಖೇ ಲೆಕ್ಕಕ್ಕೆ ಬರುತ್ತೆ. ಬೆಂಗಳೂರಿಗೆ ಬಂದಾಗ ಇಲ್ಲಿ ಒಂದು ಮೆಸೇಜ್ ಹಾಕಿ, ರೂಮ್ ಸಿಗುವವರೆಗೆ ನಮ್ಮ ಮನೆಯ ಹಾಲ್‌ನಲ್ಲಿ ಮಲಗಬಹುದು.