ಕಾರು ಮೇಲಿರಲೋ, ಕೆಳಗಿರಲೋ?

ಪ್ರಶ್ನೆ: ಪುಣೆಯಲ್ಲಿರುವ ಮಗ ಕೆಲಸದ ಮೇಲೆ ವಿದೇಶಕ್ಕೆ ಹೊರಟಿದ್ದಾನೆ. ಅವನ ಹೋಂಡಾ ಸಿಟಿ ಕಾರನ್ನು ಟ್ರೇಲರ್‌ನಲ್ಲಿ ಮಂಡ್ಯಕ್ಕೆ ಕಳಿಸುತ್ತಾನಂತೆ. ಮೇಲಿನ ಅಂತಸ್ತಿನಲ್ಲೇ ಬೇಕೆಂದರೆ ಎರಡು ಸಾವಿರ ಜಾಸ್ತಿ ಕೇಳುತ್ತಿದ್ದಾರೆ. ಮೇಲಿದ್ದರೆ ಅಲ್ಲಾಡಿ ಬೀಳುವ ಭಯ ಇಲ್ಲವೇ? ಕೆಳಗೇ ಇರಲಿ ಎಂದು ನನ್ನ ಮನಸ್ಸು.
– ನಿವೃತ್ತ ಶಿಕ್ಷಕರು, ಸುಭಾಷ್ ನಗರ, ಮಂಡ್ಯ

ಉತ್ತರ: ಮೇಷ್ಟ್ರೇ, ಆ ಎರಡು ಸಾವಿರ ಕೊಟ್ಟುಬಿಡಿ. ಮೈಸೂರಲ್ಲಿ ಗ್ಯಾರೇಜ್ ಹಾಕುವ ಮುಂಚೆ ನಾನು ಟ್ರೇಲರ್‌ಗೆ ಕಾರು ಹತ್ತಿಸುವ ಕೆಲಸದಲ್ಲೇ ಇದ್ದವನು.

ಬೀಳುವ ಭಯ ಬೇಡ. ಚಕ್ರಗಳಿಗೆ ಬೆಲ್ಟ್ ಬಿಗಿದು, ಗೇರ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದರೆ ಮೇಲಾದರೂ ಒಂದೇ, ಕೆಳಗಾದರೂ ಒಂದೇ. ಬೆಲ್ಟನ್ನು ಚಕ್ರಕ್ಕೇ ಹಾಕುತ್ತಾರಾ ಎಂದು ಮಗ ನಿಂತು ನೋಡಲಿ. ಚಕ್ರ ಬಿಟ್ಟು ಕಾರಿನ ಮೈಗೆ ಬಿಗಿದರೆ ಕಾರು ಸಸ್ಪೆನ್ಷನ್ ಮೇಲೆ ಕುಣಿದಾಗಲೆಲ್ಲ ಬೆಲ್ಟ್ ಸಡಿಲವಾಗುತ್ತದೆ.

ನಿಜವಾದ ಭಯ ಕೆಳಗಿನ ಕಾರಿಗೆ, ಅದೂ ಮೇಲಿನಿಂದ ಸೋರುವ ಎಣ್ಣೆಯದು. ಬಿಡದಿಯ ಟೊಯೋಟಾ ಫ್ಯಾಕ್ಟರಿಯಿಂದ ಹೊಸ ಕಾರು ಹೊತ್ತ ಟ್ರೇಲರ್‌ಗಳನ್ನು ನಮ್ಮ ಹೆದ್ದಾರಿಯಲ್ಲಿ ನೋಡಿರುತ್ತೀರಿ. ಅಲ್ಲಿ ಈ ಚಿಂತೆ ಇಲ್ಲ, ಎಲ್ಲವೂ ಹೊಸ ಗಾಡಿ. ನಿಮ್ಮದು ಹೋಗುವುದು ಹಳೇ ಗಾಡಿಗಳ ಜೊತೆ. ಎಷ್ಟೋ ಟ್ರೇಲರ್‌ಗಳಲ್ಲಿ ಮೇಲಿನ ಅಂತಸ್ತಿನ ತಳ ಪೂರ್ತಿ ಮುಚ್ಚಿರುವುದಿಲ್ಲ. ಇಂಜಿನ್ ಆಯಿಲ್ ತೊಟ್ಟಿಕ್ಕಿದರೆ ತೊಳೆದರೆ ಹೋಗುತ್ತದೆ. ಬ್ರೇಕ್ ಆಯಿಲ್ ಬಿತ್ತೋ, ಬಣ್ಣವನ್ನೇ ತಿನ್ನುತ್ತದೆ. ಹಾಗೆ ಬಾನೆಟ್ ಮೇಲೆ ಬಣ್ಣ ಉಬ್ಬಿ ಎದ್ದ ಬಿಳಿ ಕಾರೊಂದನ್ನು ನಾನೇ ಇಳಿಸಿದ್ದೇನೆ. ಅದರ ಮಾಲೀಕರ ಮುಖ ನೋಡಲು ಆಗಲಿಲ್ಲ.

ಇನ್ನೊಂದು ಮಾತನ್ನು ಯಾರೂ ಕೇಳುವುದಿಲ್ಲ: ನಮಗಿಂತ ಮುಂಚೆ ಎಷ್ಟು ಕಾರು ಇಳಿಯುತ್ತವೆ? ಪುಣೆಯಿಂದ ಬರುವ ಗಾಡಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಲ್ಲಿ ಒಂದೊಂದು ಇಳಿಸುತ್ತಾ ಬರಬಹುದು. ನಿಮ್ಮ ಕಾರು ಕೆಳಗೆ, ಹಿಂಭಾಗದಲ್ಲಿದ್ದರೆ ಪ್ರತಿ ಊರಲ್ಲೂ ಅದನ್ನು ಇಳಿಸಿ ಮತ್ತೆ ಹತ್ತಿಸಬೇಕು. ಬಂಪರ್ ಉಜ್ಜುವುದು, ಕನ್ನಡಿ ತಾಗುವುದು ಹೆಚ್ಚಾಗಿ ಅಲ್ಲೇ, ಓಡುವಾಗ ಅಲ್ಲ. ಸಿಟಿಯ ಮೂತಿ ತಗ್ಗು, ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ನಡುವಿನ ಜಾಗ) 165 ಮಿ.ಮೀ. ಒಂದು ಸಲ ಹತ್ತಿ ಒಂದು ಸಲ ಇಳಿದರೆ ಸಾಕು. ಅದಕ್ಕೇ ‘ಮೇಲೆ, ಮುಂಭಾಗದಲ್ಲಿ’ ಎಂದು ಕೇಳಿ.

ಒಂದು ಷರತ್ತು ಇದೆ. ಟ್ರೇಲರ್ ಮುಚ್ಚಿದ್ದಾಗಿರಬೇಕು. ತೆರೆದ ಟ್ರೇಲರ್ ಆದರೆ ಮೇಲಿನ ಮುಂಭಾಗಕ್ಕೇ ಮರದ ಕೊಂಬೆ ಮೊದಲು ಬಡಿಯುವುದು. ಆಗ ಮೇಲೆ ಹಿಂಭಾಗ ವಾಸಿ. ಇಷ್ಟಾದರೂ ಡ್ರೈವರ್ ‘ಆಗಲ್ಲ’ ಎಂದರೆ ಜಗಳ ಬೇಡ. ತೂಕದ ಗಾಡಿ ಕೆಳಗೆ, ಹಗುರದ್ದು ಮೇಲೆ ಎಂದು ಭಾರ ಹಂಚುವುದು ಅವರ ಜವಾಬ್ದಾರಿ. ಕೆಳಗೇ ಇಡುವುದಾದರೆ ಮೇಲೆ ಯಾವ ಕಾರು ಬರುತ್ತದೆ ಎಂದು ಕೇಳಿ, ಅದರ ಅಡಿ ಬಗ್ಗಿ ನೋಡಲಿಕ್ಕೆ ಮಗನಿಗೆ ಹೇಳಿ.

ಫಾಸ್ಟ್ಯಾಗ್ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮುಚ್ಚಿಸಿ. ಇಲ್ಲದಿದ್ದರೆ ಟೋಲ್‌ನಲ್ಲಿ ಸುಮ್ನೆ ನಿಮ್ಮ ದುಡ್ಡೂ ಕಟ್ ಆಗಬಹುದು. ಪೂರ್ತಿ ವಿಮೆ ಇದ್ದರೆ ರಸ್ತೆಯಲ್ಲಿ ಸಾಗಿಸುವಾಗ ಆದ ಹಾನಿಯೂ ಅದರಲ್ಲೇ ಬರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ.

ಅಷ್ಟುದ್ದದ ಗಾಡಿ ನಿಮ್ಮ ಬೀದಿಗೆ ಬರಲಾಗದು. ಬೈಪಾಸ್‌ನ ಸರ್ವೀಸ್ ರಸ್ತೆಯಲ್ಲಿ ಬೆಳಕಿರುವಾಗಲೇ ಇಳಿಸಿಕೊಳ್ಳಿ. ಎಲ್ಲರೂ ಬಾಗಿಲು, ಬಂಪರ್ ನೋಡುತ್ತಾರೆ. ನೀವು ಛಾವಣಿ ಮತ್ತು ಬಾನೆಟ್ ಮೇಲೆ ಕೈಯಾಡಿಸಿ. ಜಿಡ್ಡು ಸಿಕ್ಕರೆ ಅಲ್ಲೇ ಫೋಟೊ ತೆಗೆದು, ಟ್ರೇಲರ್‌ನವರ ಚೀಟಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.